ಆರ್ವಿಡ್ ಹೌಕಲಾ ‘ಬೇಡ’ ಎಂದಿದ್ದರು

ಆರ್ವಿಡ್ ಅವರ ಪತ್ನಿ ಇಂಪಿ ಅವರಿಗೆ, ಹೌಕಲಾ ಕುಟುಂಬದವರಿಗೆ, ಪಾದ್ರಿಗಳಿಗೆ, ಏಪ್ರಿಲ್ ಬಂದರೂ ಬಿಡದ ಈ ಹಿಮದಲ್ಲಿ ಡುಲೂತ್‌ನ ಏರು ಹತ್ತಿ ಬಂದಿರುವ ನಿಮಗೆಲ್ಲರಿಗೂ ನನ್ನ ನಮಸ್ಕಾರ.

ನನ್ನ ಹೆಸರು ವಿಲ್ಮಾ ಡ್ರಿಸ್ಕಲ್. ನಾರ್ತ್‌ಪಿಯರ್ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ಆರ್ವಿಡ್ ಅವರ ಪಕ್ಕದ ಮೇಜಿನಲ್ಲಿ ಕೂತವಳು. ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು ಎನ್ನುತ್ತಾರೆ. ಆಡುತ್ತೇನೆ. ಬದುಕಿರುವವರ ಬಗ್ಗೆಯೂ ಹಾಗೇ ಆಡಬೇಕೆಂದು ಯಾರೂ ಹೇಳಿಲ್ಲ — ಆದ್ದರಿಂದ ಕೆಲವರು ಸ್ವಲ್ಪ ಗಟ್ಟಿಯಾಗಿ ಕುರ್ಚಿ ಹಿಡಿದುಕೊಂಡು ಕೂರುವುದು ಒಳ್ಳೆಯದು.

ಕಂಪನಿಯ ಉಪಾಧ್ಯಕ್ಷರಾದ ಗ್ರೇಡನ್ ಸ್ಟ್ರೌಡ್ ಅವರು ಕೊನೆಯ ಸಾಲಿನಲ್ಲಿದ್ದಾರೆ. ಬೂದು ಕೋಟಿನವರು. ಅವರು ಕಳಿಸಿದ ದೊಡ್ಡ ಬಿಳಿ ಹೂವಿನ ಚಕ್ರವನ್ನು ನೀವು ಬರುವಾಗಲೇ ನೋಡಿರುತ್ತೀರಿ. ಇಂಪಿ ಅದನ್ನು ಹೊರಗೆ ಕಸದ ಡಬ್ಬಿಯ ಪಕ್ಕ, ಹಿಮದಲ್ಲಿ ಇಡಿಸಿದ್ದಾರೆ. ಅದರ ರಿಬ್ಬನ್ ಮೇಲೆ ‘ನಮ್ಮ ಪ್ರೀತಿಯ ಸಹೋದ್ಯೋಗಿಗೆ’ ಎಂದು ಬರೆದಿದೆ. ಪ್ರೀತಿಯ ಸಹೋದ್ಯೋಗಿ! ಎಂಟು ವಾರದ ಹಿಂದೆ ಅದೇ ಸಹೋದ್ಯೋಗಿಯ ಕೈಗೆ ರಟ್ಟಿನ ಪೆಟ್ಟಿಗೆ ಕೊಟ್ಟು ಬಾಗಿಲು ತೋರಿಸಿದ್ದರು.

ಆರ್ವಿಡ್ ಮಾಡುತ್ತಿದ್ದ ಕೆಲಸ ಏನೆಂದು ಇಲ್ಲಿರುವ ಅನೇಕರಿಗೆ ಗೊತ್ತಿಲ್ಲ. ನಮ್ಮ ಕಂಪನಿಯ ಆಪರೇಟಿಂಗ್ ಸಿಸ್ಟಮ್ ಸಣ್ಣ ಆಸ್ಪತ್ರೆಗಳಲ್ಲಿ, ಆಂಬುಲೆನ್ಸ್ ಕರೆ ತೆಗೆದುಕೊಳ್ಳುವ ಕೇಂದ್ರಗಳಲ್ಲಿ ನಡೆಯುತ್ತದೆ. ಅದಕ್ಕೆ ಆಗಾಗ ಅಪ್‌ಡೇಟ್ ಹೋಗಬೇಕು. ಅದು ಹೊರಗೆ ಹೋಗಬಹುದೋ ಬಾರದೋ ಎಂದು ನೋಡಿ ಸಹಿ ಹಾಕುವವರು ಆರ್ವಿಡ್. ಗಿರಾಕಿಗಳು ಬಳಸುವ ಅತಿ ಹಳೆಯ ಕಂಪ್ಯೂಟರುಗಳಲ್ಲಿ ಹನ್ನೆರಡನ್ನು ತಂದು ತಮ್ಮ ಹಿಂದಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರು. ಪ್ರತಿಯೊಂದರ ಮೇಲೂ ಊರಿನ ಹೆಸರು ಬರೆದ ಚೀಟಿ. ಹೊಸದು ಏನೇ ಬರಲಿ, ಮೊದಲು ಈ ಹನ್ನೆರಡಕ್ಕೆ. ಆಮೇಲೆ ನೂರಕ್ಕೆ. ಆಮೇಲೆ ಸಾವಿರಕ್ಕೆ. ನಡುನಡುವೆ ಕಾಯುವುದು. ಮತ್ತೆ — ಎಡವಟ್ಟಾದರೆ ಹಳೆಯದಕ್ಕೆ ಮರಳುವ ದಾರಿ ಯಾವಾಗಲೂ ತೆರೆದಿರಬೇಕು.

ಒಂದು ಚಳಿಗಾಲದಲ್ಲಿ ನನ್ನನ್ನು ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಕರೆದುಕೊಂಡು ಹೋದರು. ಕೈಯಲ್ಲಿ ಈ ಎತ್ತರದ ಕಬ್ಬಿಣದ ಸಲಾಕೆ. ಮಂಜುಗಡ್ಡೆ ಗಟ್ಟಿಯಿದೆಯೇ ಎಂದು ಮುಂದೆ ಕುಟ್ಟಿ ನೋಡುವುದು — ಠಕ್ — ಒಂದು ಹೆಜ್ಜೆ. ಠಕ್ — ಇನ್ನೊಂದು ಹೆಜ್ಜೆ. ನನಗೆ ಸಾಕಾಗಿ ಹೋಯಿತು.

“ಆರ್ವಿಡ್, ಹೀಗೇ ಹೋದ್ರೆ ನಾವು ತಲುಪೋ ಹೊತ್ತಿಗೆ ಮೀನಿಗೆ ವಯಸ್ಸಾಗಿರುತ್ತೆ.”

“ಆಗ್ಲಿ ಬಿಡು. ನಿನಗೂ ವಯಸ್ಸಾಗ್ಬೇಕಲ್ಲ, ತಾಯಿ?”

ನಗುತ್ತಿದ್ದೀರಿ. ನಗಿ, ಅವರಿಗೂ ಅದು ಇಷ್ಟ. ಆದರೆ ಇದನ್ನು ಕೇಳಿ ಅವರು ಹೊಸದೆಂದರೆ ಹೆದರುವ ಮುದುಕ ಎಂದುಕೊಳ್ಳಬೇಡಿ. ಆ ಮಾತನ್ನು ಹಬ್ಬಿಸಿದವರು ಬೇರೆಯವರು. ಮೂರು ವರ್ಷದ ಹಿಂದೆ ನಮ್ಮ ಸಿಸ್ಟಮ್ಮಿನಲ್ಲಿ ಕಳ್ಳರು ನುಗ್ಗಬಹುದಾದ ಒಂದು ತೂತು ಕಂಡಿತು. ಆಗಿದ್ದ ಮ್ಯಾನೇಜರು ತಿಂಗಳ ಕೊನೆಗೆ ನೋಡೋಣ ಎಂದರು. ಅವತ್ತು ಮೇಜು ಕುಟ್ಟಿದವರು ಇದೇ ಆರ್ವಿಡ್. “ತಿಂಗಳ ಕೊನೆ ಅಲ್ಲ, ಇವತ್ತು” ಎಂದರು. ಮಧ್ಯಾಹ್ನದೊಳಗೆ ನೂರು ಕಂಪ್ಯೂಟರಿಗೆ, ಮರುದಿನ ಸಂಜೆಯೊಳಗೆ ಎಲ್ಲಕ್ಕೂ ಕಳಿಸಿದರು. ಒಂದೇ ಒಂದು ಯಂತ್ರ ಕೆಮ್ಮಲಿಲ್ಲ. ಆವತ್ತು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ: “ಅಪ್‌ಡೇಟ್ ಹಾಕ್ದೆ ಕೂತ್ರೂ ಜನಕ್ಕೆ ತೊಂದ್ರೆ, ಅವಸರಕ್ಕೆ ಹಾಕಿ ಕೆಡಿಸಿದ್ರೂ ತೊಂದ್ರೆ. ಎರಡರ ಮಧ್ಯೆ ನಿಂತ್ಕೊಳ್ಳೋದಕ್ಕೇ, ವಿಲ್ಮಾ, ನಮಗೆ ಸಂಬಳ ಕೊಡೋದು.”

ಈಗ ಫೆಬ್ರವರಿಗೆ ಬರುತ್ತೇನೆ.

ನಮ್ಮ ಒಂಬತ್ತನೇ ಆವೃತ್ತಿ ಸಿದ್ಧವಾಗಿತ್ತು. ಒಳ್ಳೆಯದೇ ಇತ್ತು. ಆರ್ವಿಡ್ ಅವರೇ ಮೆಚ್ಚಿದ್ದರು. ಆದರೆ ಕಪಾಟಿನ ಹನ್ನೆರಡು ಕಂಪ್ಯೂಟರುಗಳಲ್ಲಿ ಎರಡು, ಅದನ್ನು ಹಾಕಿದ ಮೇಲೆ ಏಳಲೇ ಇಲ್ಲ. ಏಳುವುದು, ಬೀಳುವುದು, ಮತ್ತೆ ಏಳುವುದು, ಮತ್ತೆ ಬೀಳುವುದು. ಸರಿಪಡಿಸಲು ಒಂಬತ್ತು ದಿನ ಕೊಡಿ ಎಂದು ಆರ್ವಿಡ್ ಕೇಳಿದರು. ಸ್ಟ್ರೌಡ್ ಅವರಿಗೆ ಗುರುವಾರ ಶಿಕಾಗೋದ ಪ್ರದರ್ಶನದಲ್ಲಿ ವೇದಿಕೆ ಹತ್ತಿ, ನಮ್ಮ ಗಿರಾಕಿಗಳೆಲ್ಲ ಒಂದೇ ದಿನದಲ್ಲಿ ಹೊಸದಕ್ಕೆ ಬಂದರು ಎಂದು ಹೇಳಬೇಕಿತ್ತು. ಸೋಮವಾರದ ಸಭೆಯಲ್ಲಿ ನಾನೂ ಇದ್ದೆ.

“ಅಜ್ಜ, ಹನ್ನೆರಡರಲ್ಲಿ ಎರಡು ಹಳೇ ಡಬ್ಬಾ. ಅದಕ್ಕೆ ಇಡೀ ಕಂಪನಿ ನಿಲ್ಲಿಸ್ಬೇಕಾ?”

“ಅವು ಡಬ್ಬಾ ಅಲ್ಲ ಸ್ಟ್ರೌಡ್. ಅಂಥವು ಹೊರಗೆ ಏಳುನೂರು ಇವೆ. ಕೆಲವು ಆಂಬುಲೆನ್ಸ್ ಕೇಂದ್ರದಲ್ಲಿವೆ. ಜೊತೆಗೆ ಜಾಗ ಸಾಲಲ್ಲ ಅಂತ ಹಿಂದಕ್ಕೆ ಬರೋ ದಾರೀನೂ ತೆಗೆಸಿದ್ದೀರಿ. ಕೆಟ್ರೆ ಇಲ್ಲಿಂದ ಸರಿ ಮಾಡೋಕಾಗಲ್ಲ.”

“ನಿಮಗೆ ಯಾವಾಗಲೂ ಭಯ.”

“ಹೌದು. ಅದಕ್ಕೇ ನನ್ನನ್ನ ಇಟ್ಕೊಂಡಿರೋದು. ನಾನು ಸಹಿ ಹಾಕಲ್ಲ.”

ಆ ಸಂಜೆಯೇ ಅವರ ಸಹಿಯ ಅಧಿಕಾರ ತೆಗೆದರು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸ್ಟ್ರೌಡ್ ನನ್ನ ಮೇಜಿನ ಹತ್ತಿರ ಬಂದು ನಿಂತರು. “ವಿಲ್ಮಾ, ಇನ್ಮೇಲೆ ನಿಮ್ಮ ಕೈಲಿ. ಕಳಿಸಿ. ಎಲ್ಲದಕ್ಕೂ.”

ನಾನು ಆರ್ವಿಡ್ ಕಡೆ ನೋಡಿದೆ. ಅವರು ತಲೆಯನ್ನು ಹೀಗೆ — ಒಂದೇ ಸಲ — ಅಡ್ಡಕ್ಕೆ ಆಡಿಸಿದರು.

ನಾನು ಕಳಿಸಿದೆ.

ಗೊತ್ತಾಯಿತೇ? ಗುಂಡಿ ಒತ್ತಿದ ಕೈ ಸ್ಟ್ರೌಡ್ ಅವರದಲ್ಲ. ಇದು. ಈ ಕೈ. ನೋಡಿಕೊಳ್ಳಿ.

ಅರ್ಧ ಗಂಟೆಯಲ್ಲಿ ಫೋನುಗಳು ಬಡಿದುಕೊಳ್ಳಲು ಶುರುವಾದವು. ಏಳುನೂರು ಎಂದಿದ್ದರಲ್ಲ — ಏಳುನೂರ ಹದಿನಾಲ್ಕು. ಮೂರು ಆಂಬುಲೆನ್ಸ್ ಕೇಂದ್ರಗಳು ಕುರುಡಾದವು. ಸ್ಟ್ರೌಡ್ ಕೋಣೆಯ ಬಾಗಿಲು ಹಾಕಿಕೊಂಡು ವಕೀಲರ ಜೊತೆ ಮಾತಿಗೆ ಕೂತರು. ಆರ್ವಿಡ್ ಏನು ಮಾಡಿದರು? ಹಳೆಯ ಆವೃತ್ತಿಯನ್ನು ಪೆನ್ ಡ್ರೈವುಗಳಿಗೆ ತುಂಬಿ, ಊಟದ ಡಬ್ಬಿಯಲ್ಲಿ ಹಾಕಿಕೊಂಡು, ತಮ್ಮ ಸ್ವಂತ ಟ್ರಕ್ಕಿನಲ್ಲಿ ಉತ್ತರಕ್ಕೆ ಹೊರಟರು. ಅರವತ್ತೊಂದು ವರ್ಷ, ಎದೆಯಲ್ಲಿ ಎರಡು ಸ್ಟೆಂಟ್. ಯಾರೂ ಕಳಿಸಿರಲಿಲ್ಲ.

ಮೊದಲು ತಲುಪಿದ ಕೇಂದ್ರದಲ್ಲಿ ಇದ್ದವರು ಬೆರ್ನೀಸ್. ಅಗೋ, ಕಿಟಕಿಯ ಪಕ್ಕ ಕೂತಿದ್ದಾರೆ. ಬೆಳಗಿನಿಂದ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ವಿಳಾಸ ಬರೆದುಕೊಳ್ಳುತ್ತಾ, ರೇಡಿಯೋದಲ್ಲಿ ಕೂಗಿ ಹೇಳುತ್ತಾ ಒದ್ದಾಡಿದವರು. ಅವರೇ ನನಗೆ ಹೇಳಿದ್ದು.

“ನೀವು ಆ ಕಂಪನಿಯವರಾ? ನನ್ನ ಕೈಗೆ ಸಿಗಬೇಡಿ ಇವತ್ತು!”

“ಬೈಯಿರಿ ಅಮ್ಮ. ನಿಲ್ಲಿಸಬೇಡಿ. ಬೈತಾ ಬೈತಾ ಆ ಕಂಪ್ಯೂಟರ್ ಎಲ್ಲಿದೆ ತೋರಿಸಿ.”

ಮೇಜಿನ ಕೆಳಗೆ ಅಂಗಾತ ಮಲಗಿ ಅವರು ಕೆಲಸ ಮಾಡುತ್ತಿದ್ದಾಗಲೇ ಬೆರ್ನೀಸ್ ಅವರಿಗೆ ಸುದ್ದಿ ಬಂತು. ಮರ ಕಡಿಯುವ ಲಾಯ್ಡ್ ಪೆಲ್ಕೊ ಅವರ ಕಾಲಿನ ಮೇಲೆ ದಿಮ್ಮಿ ಬಿದ್ದಿತ್ತು. ಪರದೆಯ ಮೇಲಿನ ನಕ್ಷೆ ಸತ್ತಿದ್ದರಿಂದ ಆಂಬುಲೆನ್ಸ್ ಬೇರೆ ರಸ್ತೆ ಹಿಡಿದು ಐವತ್ತು ನಿಮಿಷ ತಡವಾಗಿತ್ತು. ಜೀವ ಉಳಿಯಿತು. ಕಾಲು ಉಳಿಯಲಿಲ್ಲ. ಆರ್ವಿಡ್ ಮೇಜಿನ ಕೆಳಗೇ ಮಲಗಿ ಕೆಲಸ ಮುಗಿಸಿದರಂತೆ. ಆಮೇಲೆ, “ಈಗ ಆನ್ ಮಾಡಿ ನೋಡಿ” ಎಂದರಂತೆ.

ಮೂರು ದಿನ. ಮೂರು ಕೇಂದ್ರ. ಶುಕ್ರವಾರ ವಾಪಸು ಬಂದರು. ಬಂದವರಿಗೆ ರಟ್ಟಿನ ಪೆಟ್ಟಿಗೆ ಕಾದಿತ್ತು. ಅಷ್ಟರಲ್ಲಿ ಕಂಪನಿ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಾಗಿತ್ತು — ಪರೀಕ್ಷಾ ವಿಭಾಗದ ಒಬ್ಬ ಹಿರಿಯ ನೌಕರರು ದೋಷವನ್ನು ಗಮನಕ್ಕೆ ತರಲಿಲ್ಲ, ಅವರನ್ನು ವಜಾ ಮಾಡಲಾಗಿದೆ, ಎಂದು. ಹೆಸರು ಬರೆಯಲಿಲ್ಲ. ಡುಲೂತ್‌ನಲ್ಲಿ ಹೆಸರು ಬರೆಯಬೇಕೇ? ಮರುದಿನಕ್ಕೆ ಊರಿಗೆಲ್ಲ ಗೊತ್ತು.

ಇಲ್ಲಿರುವ ನಿಮ್ಮನ್ನೂ ಬಿಡುವುದಿಲ್ಲ ನಾನು. ಚರ್ಚಿನ ಇದೇ ನೆಲಮಾಳಿಗೆಯಲ್ಲಿ, ಭಾನುವಾರದ ಕಾಫಿಯ ಹೊತ್ತಿಗೆ, ಆರ್ವಿಡ್ ಕೂತ ಮೇಜಿನಿಂದ ಎದ್ದು ಹೋದವರು ಯಾರ್ಯಾರು ಅಂತ ಇಂಪಿಗೆ ಗೊತ್ತಿದೆ. ಲಾಯ್ಡ್ ಅವರನ್ನು ನೋಡಲು ಆಸ್ಪತ್ರೆಗೆ ಹೋದಾಗ, ಅವರ ಅಣ್ಣ ಬಾಗಿಲಲ್ಲೇ ತಡೆದು, “ಕಾಲು ನೋಡೋಕೆ ಬಂದ್ಯಾ? ಇಲ್ಲ ಅದು” ಎಂದರು. ಆಗಲೂ ಆರ್ವಿಡ್ ‘ನಾನು ಬೇಡ ಎಂದಿದ್ದೆ’ ಎನ್ನಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ನಿಂತು, ತಿರುಗಿ ಬಂದರು.

ಯಾಕೆ ಹೇಳಲಿಲ್ಲ? ಹೇಳಿದರೆ ಯಾರು ನಂಬುತ್ತಿದ್ದರು? ಅವರ ವಿರುದ್ಧ ಸಾಕ್ಷಿ ಇತ್ತಲ್ಲ.

ಆ ಸಾಕ್ಷಿ ನಾನು.

ಆ ಶುಕ್ರವಾರವೇ ಸ್ಟ್ರೌಡ್ ನನ್ನ ಮುಂದೆ ಒಂದು ಹಾಳೆ ಇಟ್ಟರು. ‘ಹೌಕಲಾ ಅವರು ಯಾವ ಆಕ್ಷೇಪವನ್ನೂ ಎತ್ತಿರಲಿಲ್ಲ’ ಎಂದಿತ್ತು. “ನಿಮ್ಮ ಗಂಡನ ಚಿಕಿತ್ಸೆ ನಮ್ಮ ವಿಮೆಯಲ್ಲೇ ನಡೀತಿದೆ ಅಲ್ವಾ, ವಿಲ್ಮಾ? ವಾರಕ್ಕೆ ಮೂರು ಸಲ ಡಯಾಲಿಸಿಸ್ — ಪಾಪ” ಎಂದರು. ಆ ‘ಪಾಪ’ ಅನ್ನುವ ಪದವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನಾನು ಸಹಿ ಹಾಕಿದೆ. ಕಾರಣ ಹೇಳಿದೆ, ಅಷ್ಟೇ. ಅದನ್ನು ನೆಪ ಎಂದು ತೆಗೆದುಕೊಳ್ಳಬೇಡಿ.

ಮಾರ್ಚ್‌ನಲ್ಲಿ ಒಂದು ದಿನ ಅಂಗಡಿಯ ಮುಂದೆ ಆರ್ವಿಡ್ ಎದುರಾದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಸಹಿ ಹಾಕಿದ್ದು ಅವರಿಗೆ ಗೊತ್ತಿತ್ತು. ಅವರು ಕೇಳಿದ್ದು ಒಂದೇ ಮಾತು: “ಮನೆಯವ್ರು ಹೇಗಿದ್ದಾರೆ ಈಗ?”

ಒಂದು ಬೈಗುಳ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಏಪ್ರಿಲ್ ಒಂಬತ್ತರ ಬೆಳಿಗ್ಗೆ, ಮನೆ ಮುಂದಿನ ಹಿಮ ತೋಡುತ್ತಿದ್ದಾಗ, ಸಲಿಕೆಯ ಮೇಲೇ ಕುಸಿದರು. ಹೃದಯಾಘಾತ ಎಂದರು ಡಾಕ್ಟರು. ಇರಬಹುದು. ಡಾಕ್ಟರು ಎದೆ ನೋಡಿದರು. ಆ ಎದೆಯ ಮೇಲೆ ಯಾರು ಯಾರು ಕೂತಿದ್ದರು ಎಂದು ನೋಡಲಿಲ್ಲ.

ಭಾನುವಾರ ನಾನು ಇಂಪಿ ಅವರ ಅಡುಗೆಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಗುಂಡಿ, ಹಾಳೆ, ಸಹಿ, ಎಲ್ಲ. ಅವರು ಅಳಲಿಲ್ಲ. ಕಾಫಿ ಬಗ್ಗಿಸಿದರು — ತಮಗೆ ಮಾತ್ರ. ಆಮೇಲೆ ಹೇಳಿದರು: “ನಿನ್ನನ್ನ ಕ್ಷಮಿಸೋಕೆ ನನ್ನಿಂದ ಆಗಲ್ಲ ವಿಲ್ಮಾ. ಕೇಳಲೂಬೇಡ. ಆದ್ರೆ ಶ್ರದ್ಧಾಂಜಲಿ ದಿನ ಮಾತಾಡೋಕೆ ಆ ಮನುಷ್ಯ ಹೆಸರು ಕಳಿಸಿದ್ದಾನೆ. ಅವನಿಗೆ ಇಲ್ಲ ಅಂತೀನಿ. ನೀನು ಮಾತಾಡು. ಅವನ ಮುಂದೆ. ಎಲ್ಲರ ಮುಂದೆ.”

ಅದಕ್ಕೇ ನಾನು ಇಲ್ಲಿ ನಿಂತಿರುವುದು. ಗೌರವಕ್ಕಲ್ಲ. ಇದು ನನಗೆ ಇಂಪಿ ಕೊಟ್ಟ ಶಿಕ್ಷೆ.

ಸ್ಟ್ರೌಡ್ ಅವರೇ, ನಿಮಗೊಂದು ವಿಷಯ ಗೊತ್ತಿಲ್ಲ. ಆರ್ವಿಡ್ ನಿಮಗೆ ಬರೆದ ಪ್ರತಿ ಪತ್ರದ ಒಂದು ನಕಲನ್ನು ನನಗೂ ಕಳಿಸುತ್ತಿದ್ದರು. ನಿಮ್ಮ ಕಂಪ್ಯೂಟರಿನಿಂದ ನೀವು ಅಳಿಸಿದಿರಿ. ನಾನು ಅಳಿಸಲಿಲ್ಲ. ಒಟ್ಟು ಹದಿನೇಳು. ಹದಿನಾರನ್ನು ಬಿಡುತ್ತೇನೆ. ಕೊನೆಯದು, ಸೋಮವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಬರೆದದ್ದು — ಓದುತ್ತೇನೆ.

‘ಇದು ಹೋದರೆ ಆಂಬುಲೆನ್ಸ್ ಕೇಂದ್ರಗಳು ನಿಲ್ಲುತ್ತವೆ. ಒಂಬತ್ತು ದಿನ ಕೊಡಿ. ಒಂಬತ್ತು ಆಗದಿದ್ದರೆ, ಆ ಮೂರು ಕೇಂದ್ರಗಳನ್ನಾದರೂ ಪಟ್ಟಿಯಿಂದ ಬಿಡಿ. ಬೇಡ. ದಯವಿಟ್ಟು ಬೇಡ.’

ನಿಮ್ಮ ಉತ್ತರ, ನಾಲ್ಕೂ ಇಪ್ಪತ್ತಾರಕ್ಕೆ: ‘ನಿಮ್ಮ ಸಹಿ ಇನ್ನು ಬೇಕಿಲ್ಲ. ಹಳೆ ಡಬ್ಬಾಗಳು ಸತ್ತರೆ ಹೊಸದು ಕೊಳ್ಳುತ್ತಾರೆ.’

ಕೇಳಿಸಿತೇ ಎಲ್ಲರಿಗೂ? ಹಿಂದಿನ ಸಾಲಿಗೂ ಕೇಳಿಸಿತೇ? ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕೂತಿರುವ ಲಾಯ್ಡ್ ಅವರೇ — ನಿಮಗೆ ಕೇಳಿಸಿತೇ?

ಕೆಲವರಿಗೆ ನನ್ನ ಮಾತು ಕಹಿಯಾಗಿದೆ. ಸಾವಿನ ಮನೆಯಲ್ಲಿ ಸೇಡೇ ಎಂದುಕೊಳ್ಳುತ್ತಿದ್ದೀರಿ. ಹೌದು, ಸೇಡೇ. ಆರ್ವಿಡ್ ಒಳ್ಳೆಯವರು, ಅವರಿಗೆ ಇದು ಹಿಡಿಸುತ್ತಿರಲಿಲ್ಲ. ನಾನು ಅಷ್ಟು ಒಳ್ಳೆಯವಳಲ್ಲ. ಒಳ್ಳೆಯವಳಾಗಿದ್ದರೆ ಅವರು ಬದುಕಿದ್ದಾಗಲೇ ಬಾಯಿ ಬಿಡುತ್ತಿದ್ದೆ.

ನಿನ್ನೆ ಮಧ್ಯಾಹ್ನ ಹದಿನೇಳು ಪತ್ರಗಳನ್ನೂ ಈ ಅನಾಹುತದ ತನಿಖೆ ಮಾಡುತ್ತಿರುವ ರಾಜ್ಯದ ವಿಚಾರಣಾ ಸಮಿತಿಗೆ ಕೊಟ್ಟಿದ್ದೇನೆ. ಸುಳ್ಳು ಸಹಿ ಹಾಕಿದ್ದು ನಾನು ಎಂದೂ, ಹಾಕಿಸಿದ್ದು ಯಾರು ಎಂದೂ ಬರೆದುಕೊಟ್ಟಿದ್ದೇನೆ. ನನಗೂ ಶಿಕ್ಷೆಯಾಗುತ್ತದೆ. ಆಗಲಿ. ಕೆಲಸ ಹೋಗುತ್ತದೆ, ವಿಮೆ ಹೋಗುತ್ತದೆ. ನನ್ನ ಗಂಡನ ಹತ್ತಿರ ಕೇಳಿದೆ, ಏನು ಮಾಡಲಿ ಎಂದು. “ಸೂಜಿ ಚುಚ್ಚಿಸಿಕೊಳ್ಳೋನು ನಾನು. ನೀನ್ಯಾಕೆ ನರಳ್ತೀಯ? ಹೋಗಿ ಹೇಳು” ಎಂದರು. ಮುಳುಗುವುದೇ ಆದರೆ, ಸ್ಟ್ರೌಡ್ ಅವರೇ, ನಿಮ್ಮ ಕೋಟಿನ ಕಾಲರ್ ನನ್ನ ಮುಷ್ಟಿಯಲ್ಲಿರುತ್ತದೆ.

ಇಂಪಿ, ನಿಮ್ಮ ಕ್ಷಮೆ ಕೇಳುವುದಿಲ್ಲ. ಬೇಡ ಎಂದಿದ್ದೀರಿ. ಮಾತು ಮುಗಿಸಿದ್ದೇನೆ ಎಂದು ಮಾತ್ರ ಹೇಳುತ್ತೇನೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಲಾಯ್ಡ್, ನೀವು ಕೂತೇ ಇರಿ — ಇಲ್ಲ, ನಿಲ್ಲುತ್ತೇನೆ ಅನ್ನುತ್ತೀರಾ? ಸರಿ. ಬೆರ್ನೀಸ್, ಸ್ವಲ್ಪ ಅವರ ತೋಳು ಹಿಡಿದುಕೊಳ್ಳಿ. ಆರ್ವಿಡ್ ಹೌಕಲಾ ಅವರಿಗಾಗಿ ಎರಡು ನಿಮಿಷ ಮೌನ.

ಸ್ಟ್ರೌಡ್ ಅವರೇ, ಬಾಗಿಲ ಕಡೆ ನೋಡಬೇಡಿ. ನೀವೂ ನಿಲ್ಲಿ. ಈ ಎರಡು ನಿಮಿಷ ನೀವು ಸುಮ್ಮನಿರಬಹುದು. ಸೋಮವಾರ ಬೆಳಿಗ್ಗೆ ಸಮಿತಿಯ ಮುಂದೆ, ಪ್ರಮಾಣ ಮಾಡಿದ ಮೇಲೆ, ಸುಮ್ಮನಿರುವ ಹಾಗಿಲ್ಲ.