ಹಗ್ಗ ಬಿಚ್ಚಿದ ದಿನ

ನೈಲ್ ದಂಡೆಯ ನಮ್ಮೂರ ನೋಂದಣಿ ಕಚೇರಿಯಲ್ಲಿ ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಸಾಲುಗಳಿದ್ದವು. ಇವತ್ತು ನಡುವಿನ ಹಗ್ಗ ಬಿಚ್ಚಿ, ‘ಎಲ್ಲರೂ ಸಮಾನರು, ಒಂದೇ ಸಾಲು’ ಎಂದು ಬೋರ್ಡು ಹಾಕಿದ್ದರು. ನನ್ನ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು.

“ಒಳ್ಳೇದೇ ಅಲ್ವಾ, ಇನ್ಶಿರಾಹಕ್ಕ?”

“ನಂಗ್ಯಾಕೋ ಅನುಮಾನ ಕಣೇ ಅತಿಯ್ಯಾತ್. ನಮ್ಮ ಸಾಲು ಬೇಗ ಸಾಗ್ತಿತ್ತು. ಅದಕ್ಕೇ ಅಲ್ವಾ ನಿನ್ನ ಗಂಡ ಯಾವಾಗ್ಲೂ ನಿನ್ನೇ ಕಳಿಸ್ತಿದ್ದಿದ್ದು?”

“ಇವತ್ತೂ ನನ್ನೇ ಕಳಿಸಿದಾನೆ.”

“ಸಮಾನತೆ ಇನ್ನೂ ನಿಮ್ಮನೆ ತನಕ ಬಂದಿಲ್ಲ ಅನ್ನು.”

ಅಷ್ಟರಲ್ಲಿ ಕಾವಲುಗಾರ ಪಕ್ಕದ ಬಾಗಿಲು ತೆರೆದು, ಸೂಟು ತೊಟ್ಟವನೊಬ್ಬನನ್ನು “ಬನ್ನಿ ಬಾಷಾ” ಎಂದು ದೊಡ್ಡ ಸಾಹೇಬರನ್ನು ಕರೆಯುವ ಹಾಗೆ ಕರೆದು ಒಳಗೆ ಬಿಟ್ಟ.

“ಏನಪ್ಪಾ, ಅವರು ಸಾಲಲ್ಲಿ ನಿಲ್ಲಲ್ವಾ?” ಎಂದಳು ಇನ್ಶಿರಾಹ್.

“ಬೋರ್ಡು ಹಾಕಿರೋದು ಸಾಲಿಗಮ್ಮ. ಇಲ್ಲೆಲ್ಲಿದೆ ಸಾಲು?”

“ನಡಿಯೇ ಅತಿಯ್ಯಾತ್. ಅಲ್ಲೂ ಒಂದು ಮಾಡೋಣ.”

ಇಬ್ಬರೂ ಹೋಗಿ ಆ ಬಾಗಿಲ ಮುಂದೆ ಒಬ್ಬರ ಹಿಂದೊಬ್ಬರು ನಿಂತರು.