ಅಂಬಾಸಿಡರ್ ಪೇಟೆಗೆ ಬರುವ ದಿನ

ಶಿರಂಗಾಲದಿಂದ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸರಿಬ್ಬರು ಮಾತಾಡುತ್ತಿದ್ದರು.

“ಕಾಮಾಕ್ಷಕ್ಕ, ನಿಮ್ಮ ಮಾವನೋರ ಹಳೇ ಅಂಬಾಸಿಡರ್‌ಗೆ ರಂಜಿತಾನೇ ಬೇರೆ ಇಂಜಿನ್ ಕೂರಿಸಿದ್ಲಂತೆ?”

“ಇಂಜಿನ್ ಇಳಿಸೋಕೆ ಅವ್ರಪ್ಪನೂ ಕೈ ಹಾಕಿದ್ರು. ವೈರಿಂಗ್ ಪೂರ್ತಿ ನನ್ನ ಮಗಳದ್ದೇ.”

“ಸ್ಟಾರ್ಟ್ ಆಯ್ತಾ?”

“ಮೊದ್ಲು ಕೀ ತಿರುಗಿಸಿ ಹಿಡ್ಕೊಂಡಿದ್ರೆ ಓಡೋದು, ಕೈ ಬಿಟ್ರೆ ನಿಂತೋಗೋದು. ಮೆಕ್ಯಾನಿಕ್ ಕರೆಸೋಣ ಅಂದ್ರು ಅವ್ರಪ್ಪ. ಇವ್ಳು ಕೇಳ್ಲಿಲ್ಲ. ಕೀ ಹಿಂದೆ ಒಂದು ವೈರ್ ತಪ್ಪು ಜಾಗಕ್ಕೆ ಕೊಟ್ಟಿದ್ಲಂತೆ, ತಾನೇ ಹುಡುಕಿ ಸರಿ ಮಾಡಿದ್ಲು.”

“ಮತ್ತೆ ನೀವ್ಯಾಕೆ ಬಸ್ಸಲ್ಲಿ?”

“ಇವತ್ತು ಮೊದಲ್ನೇ ಸಲ ಪೇಟೆಗೆ ತರ್ತಾಳೆ. ನಾನೂ ಒಳಗೆ ಕೂತ್ರೆ, ಅವ್ಳು ಓಡಿಸ್ಕೊಂಡು ಬರೋದು ನಂಗೆ ಹೇಗೆ ಕಾಣುತ್ತೆ?”

ಕುಶಾಲನಗರದಲ್ಲಿ ಇಳಿದ ಕಾಮಾಕ್ಷಮ್ಮ ನೆರಳಿಗೆ ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು, ನಾವು ಬಂದ ದಾರಿಗೇ ಮುಖಮಾಡಿ ನಿಂತರು.