ಐದು ನಿಮಿಷ ಬಿಟ್ಟು

ದೀಪ ಆರಿಸೋದಿದ್ದರೆ ಈಗಲೇ ಆರಿಸಿ, ಮಧ್ಯೆ ಎದ್ದು ಹೋಗಬೇಡಿ. ಇದು ಕತೆಯಲ್ಲ, ನನ್ನ ಚಿಕ್ಕಪ್ಪನ ಮಗಳಿಗೆ ಆಗಿದ್ದು. ಅವಳು ಸುಳ್ಳು ಕಟ್ಟೋಳಲ್ಲ. ಕಟ್ಟೋಕೆ ಅವಳ ಆಫೀಸಿನವರು ಪುರುಸೊತ್ತೇ ಕೊಡಲ್ಲ.

ಅವತ್ತು ಅವಳು ಕೆಲಸ ಮುಗಿಸಿ ಹೊರಟಾಗ ಕತ್ತಲಾಗಿತ್ತು. ದಾರಿಯಲ್ಲಿ ಒಂದು ಶಾಲೆ, ಗೇಟಿನೆದುರು ದೊಡ್ಡ ಆಲದ ಮರ. ಗೇಟಿಗೆ ಬೀಗ ಬಿದ್ದಿತ್ತು. ಒಣಗಿದ ಎಲೆ ಮೇಲೆ ಏನೋ ಉಜ್ಜಿದ ಸದ್ದು... ಚರ್... ಚರ್... ನೋಡಿದರೆ, ಬೇರಿನ ಮೇಲೆ ಪುಟ್ಟ ಹುಡುಗಿಯೊಬ್ಬಳು ಕೂತು ಕಾಲಾಡಿಸುತ್ತಿದ್ದಾಳೆ. ತೊಡೆ ಮೇಲೆ ಬ್ಯಾಗು.

ತಂಗಿ ಪಿಸುದನಿಯಲ್ಲಿ ಕೇಳಿದಳು. "ಒಬ್ಬಳೇ ಯಾಕಮ್ಮಾ ಕೂತಿದ್ದೀಯ?"

"ಇವತ್ತು ಅಮ್ಮ ಬರಲೇ ಇಲ್ಲ..."

ತಂಗಿ ಬಗ್ಗಿ ಮುಖ ನೋಡಿದಳು. ಆ ಮಗುವಿನ ಗುರುತು ಸಿಕ್ಕಿತು. ಎರಡು ತಿಂಗಳ ಹಿಂದೆ ಅವಳನ್ನು ನೋಡಿದ್ದು ಅವಳ ಅಮ್ಮನ ಹೆಣದ ಪಕ್ಕದಲ್ಲಿ.

ಆ ಅಮ್ಮ ತಂಗಿಯ ಆಫೀಸಿನವಳೇ. ಆಸ್ಪತ್ರೆ ಬಿಲ್ಲುಗಳನ್ನು ಕಂಪ್ಯೂಟರಿಗೆ ಹತ್ತಿಸುವ ಕೆಲಸ. ಅವಳು ಹೋದ ಮೇಲೆ ಕುರ್ಚಿ ತಣ್ಣಗಾಗೋಕೂ ಬಿಡದೆ, ಬೇರೆ ಮೇಜಿನಲ್ಲಿದ್ದ ನನ್ನ ತಂಗಿಯನ್ನು ತಂದು ಕೂರಿಸಿದರು. ಕಂಪ್ಯೂಟರಿನಲ್ಲಿ ಅವಳದ್ದೇನಿತ್ತು ಅಂತ ಯಾರೂ ನೋಡಲಿಲ್ಲ. ಪರದೆಯ ಮೇಲಿನ ಮೂಲೆಯಲ್ಲಿ ಅವಳು ಹಾಕಿಕೊಂಡಿದ್ದ ಗಡಿಯಾರದ ಆ್ಯಪ್ ಹಾಗೇ ಇತ್ತು. ಒತ್ತಿದರೆ ತಿಂಗಳ ಕ್ಯಾಲೆಂಡರು ಕೆಳಗಿಳಿಯುತ್ತೆ. ದಿನಾ ಶಾಲೆ ಬಿಡೋ ಹೊತ್ತಿಗೆ ಟಿಣ್... ಟಿಣ್... ಸ್ಟೀಲ್ ಲೋಟಕ್ಕೆ ಚಮಚ ತಾಕಿದ ಹಾಗೆ. ಗಡಿಯಾರದ ಕೆಳಗೆ ಒಂದು ಚೀಟಿ ಮೂಡುತ್ತೆ: 'ಪುಟ್ಟಿ, ಸ್ಕೂಲು'. ಅದರಡಿ ಎರಡು ಗುಂಡಿ. 'ಆಯ್ತು'. 'ಐದು ನಿಮಿಷ ಬಿಟ್ಟು'.

ಆ ತಾಯಿ ದಿನಾ ಒತ್ತುತ್ತಿದ್ದದ್ದು ಎರಡನೆಯದನ್ನೇ. ಸೂಪರ್‌ವೈಸರ್ ಏಳೋಕೆ ಬಿಡಬೇಕಲ್ಲ. ಹುಡುಗಿಯರು ಅವನಿಗಿಟ್ಟ ಹೆಸರು ಗಡಿಯಾರಪ್ಪ. ಬೆನ್ನ ಹಿಂದೆ ನಿಂತು, ಇದೊಂದು ಬಿಲ್ಲು ಮುಗಿಸಿ ಹೋಗಮ್ಮ ಅನ್ನೋನು. ಅದಾದ ಮೇಲೆ ಇನ್ನೊಂದು. ಒಂದು ದಿನ ಒತ್ತಿ ಒತ್ತಿ, ತಡೆಯಲಾರದೆ ಎದ್ದು ಓಡಿದಳು. ರಸ್ತೆ ದಾಟುವಾಗ ಲಾರಿ. ನೋಡಿಕೊಂಡು ದಾಟಬಾರದಾ ಅಂದನಂತೆ ಗಡಿಯಾರಪ್ಪ. ಅವನನ್ನು ಯಾರೂ ಏನೂ ಕೇಳಲಿಲ್ಲ. ನಾನು ಕೇಳುತ್ತೇನೆ: ಕೊಂದದ್ದು ಲಾರಿಯೊಂದೇನಾ?

ಚೀಟಿ ಅಳಿಸೋಕೆ ತಂಗಿಗೆ ಮನಸ್ಸು ಬರಲಿಲ್ಲ. ಅವಳೂ ದಿನಾ 'ಐದು ನಿಮಿಷ ಬಿಟ್ಟು' ಒತ್ತುತ್ತಿದ್ದಳು. ಮತ್ತೆ ಟಿಣ್ ಅಂದಾಗ ಕುರ್ಚಿಯ ಚಕ್ರ ಕಿರ್ರ್ ಅನ್ನೋದು... ತಂಗಿ ಅಲ್ಲಾಡಿರುತ್ತಿರಲಿಲ್ಲ. ಆಮೇಲೆ ಬಾಗಿಲಿನ ಸ್ಪ್ರಿಂಗು, ಟಕ್. ಗಾಳಿ ಅಂದುಕೊಂಡಿದ್ದಳು.

ಮಗು ಮರದಡಿ ಸಿಕ್ಕ ದಿನ ಬೆಳಿಗ್ಗೆ ಗಡಿಯಾರಪ್ಪ ಎದುರಿಗೆ ನಿಂತು, ಈ ಟಿಣ್ ಟಿಣ್ ಕಾಟ ಸಾಕು ಅಂತ ಚೀಟಿ ಅಳಿಸಿಸಿದ್ದ. ಶಾಲೆ ಬಿಡೋ ಹೊತ್ತಿಗೆ ಟಿಣ್ ಅನ್ನಲಿಲ್ಲ. ಬಾಗಿಲೂ ಸದ್ದು ಮಾಡಲಿಲ್ಲ.

ತಂಗಿ ಮಗುವನ್ನು ಮನೆಗೆ ಕರೆದೊಯ್ದಳು. ಅಲ್ಲಿದ್ದದ್ದು ಅಜ್ಜಿಯೊಬ್ಬಳೇ, ಮಂಡಿ ಹಿಡಿದು ನಡೆಯಲಾರದವಳು, ಕಣ್ಣೂ ಮಂಜು.

"ಇಷ್ಟು ದಿನ ಕರ್ಕೊಂಡು ಬರ್ತಿದ್ದೋಳು ನೀನೇನಾ ತಾಯಿ? ಬಾಗಿಲ ತನಕ ಬಂದು ಮಾತೇ ಆಡದೆ ಹೋಗ್ತಿದ್ದೆ..."

ತಂಗಿ ಮಗುವಿನ ಬ್ಯಾಗನ್ನು ಒಳಗಿಟ್ಟು ಹೊರಟಳು.

ಮಾರನೆ ದಿನ ಹೋದವಳೇ ಅದೇ ಚೀಟಿ ಮತ್ತೆ ಬರೆದಳು. ಮಗುವನ್ನು ಶಾಲೆಯಿಂದ ಮನೆಗೆ ಬಿಟ್ಟುಬರೋಕೆ ಅರ್ಧ ಗಂಟೆ ಕೊಡಿ ಅಂತಲೂ ಕೇಳಿದಳು. ಗಡಿಯಾರಪ್ಪ ತಲೆ ಎತ್ತಲಿಲ್ಲ. "ಸತ್ತವರ ಮಗು ನಿಮ್ಮ ಡ್ಯೂಟಿ ಅಲ್ಲಮ್ಮ."

ಟಿಣ್... ಟಿಣ್... ತಂಗಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಯಾರೂ ಮುಟ್ಟದೆ 'ಆಯ್ತು' ಗುಂಡಿ ಒಳಗೆ ಒತ್ತಿಕೊಂಡಿತು. ಕಿರ್ರ್... ಟಕ್.

ಸ್ವಲ್ಪ ಹೊತ್ತಿಗೆ ಅಜ್ಜಿಗೆ ಫೋನು ಮಾಡಿದಳು. ಪುಟ್ಟಿ ಆಗಲೇ ಬಂದಳಲ್ಲ, ಇವತ್ತು ಶಾಲೆ ಬೇಗ ಬಿಟ್ಟರಾ ಅಂದಿತು ಅಜ್ಜಿ.

ಮಗಳ ಹತ್ತಿರ ಹೋಗೋಕೆ ಬಿಡುವು ಸಿಗಬೇಕಾದರೆ ಒಬ್ಬ ಹೆಂಗಸು ಸಾಯಬೇಕು. ಇಂಥ ಆಫೀಸುಗಳಿಗೆ ಹೆದರಿ, ದೆವ್ವಕ್ಕಲ್ಲ.

ನಂಬದಿದ್ದರೆ ಬಿಡಿ. ಹೋದ ವಾರ ನಾನೇ ಹೋಗಿ ನೋಡಿದೆ. ತಂಗಿ ಯಾರಿಗೂ ಏನೂ ಹೇಳಿಲ್ಲ. ಆದರೂ ಶಾಲೆ ಬಿಡೋ ಹೊತ್ತಿಗೆ ಗಡಿಯಾರಪ್ಪ ತಾನಾಗಿ ಎದ್ದ. ಬಾಗಿಲು ತೆರೆದು ಹಿಡಿದು, ಮುಖ ಗೋಡೆಗೆ ಮಾಡಿ ನಿಂತ. ಸ್ವಲ್ಪ ಪಕ್ಕಕ್ಕೆ ಸರಿದ. ಆಮೇಲೆ ಮುಚ್ಚಿದ.